ಗಾಳಿ ಅಳೆಯುವ ತಂತಿ

ರಾಯಚೂರು
14 ಜೂನ್ 2025, ಶನಿವಾರ

ಮಲ್ಲಿಕಕ್ಕಾ,

ನಿನ್ನ ತಮ್ಮ ಅಂಬರೇಶ ಬರೆಯುವ ಪತ್ರ ಇದು. ಹೆಸರು ನೋಡಿ ಹರಿದು ಹಾಕಬೇಡ. ಫೋನ್ ಮಾಡಿದರೆ ಎರಡನೇ ರಿಂಗಿಗೇ ಕಟ್ ಮಾಡುತ್ತೀ, ಅದಕ್ಕೇ ಕಾಗದ ಹಿಡಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಮುಖ್ಯ ಮಾತು ಮೊದಲೇ ಹೇಳುತ್ತೇನೆ. ನಿನ್ನ ಗಂಡ ಡೀಸೆಲ್ ಕದ್ದಿರಲಿಲ್ಲ. ಒಂದು ಲೀಟರೂ ಇಲ್ಲ. ದೋಷ ಕಾರಿನಲ್ಲಿತ್ತು.

ಮಂಗಳವಾರ ದೇವದುರ್ಗದಿಂದ, ಭಾವ ಓಡಿಸುತ್ತಿದ್ದ ಅದೇ ಕಾರು ನಮ್ಮ ಗ್ಯಾರೇಜಿಗೆ ಬಂತು. ಮಾಲೀಕ ಗುಲಾಮ್ ದಸ್ತಗೀರ್ ಸಾಹೇಬರೇ ಇಳಿದು ನಮ್ಮ ಮೌನಪ್ಪ ಮೇಸ್ತ್ರಿಗೆ ಹೇಳಿದರು: "ಯಲ್ಲಾಲಿಂಗನ್ನ ಬಿಡಿಸಿ ಹೊಸಾ ಡ್ರೈವರ್ ಇಟ್ಟೀನಿ. ಇದು ಹಂಗೇ ಕುಡಿಯಾಕತ್ತದ. ಎಲ್ಲಾ ಡ್ರೈವರ್‌ಗೋಳು ಕಳ್ಳರೇನ್ರೀ, ಇಲ್ಲ ನನ್ನ ನಸೀಬೇ ಹಿಂಗೋ?" ಹೊಸ ಡ್ರೈವರ್ ಹಿಂದಿನಿಂದ, "ಗಾಡಿ ಎಳೆಯಂಗಿಲ್ರೀ ಸಾವ್ಕಾರ್ರ. ಮುಂದ ಒಂದು ಜೋಡಿ ಎತ್ತು ಕಟ್ರಿ ಅಂದ್ರ ನಗ್ತೀರಿ" ಎಂದ.

ಎಳೆಯುವುದಿಲ್ಲ. ಮಾರ್ಚಿನಲ್ಲಿ ಭಾವ ನನಗೆ ಹೇಳಿದ್ದೂ ಇದನ್ನೇ. ನಾನು ಗಾಡಿಗೆ ಸ್ಕ್ಯಾನರ್ ಹಚ್ಚಿದೆ, ಅದು ಯಾವ ದೋಷವನ್ನೂ ತೋರಿಸಲಿಲ್ಲ. ಅಷ್ಟಕ್ಕೇ ಎಲ್ಲರ ಮುಂದೆ, "ಗಾಡ್ಯಾಗ ಏನೂ ಆಗಿಲ್ರೀ. ಡೀಸೆಲ್ ಬ್ಯಾರೆ ಎಲ್ಲ್ಯೋ ಹೋಗಾಕತ್ತದ" ಎಂದೆ. ಮೊದಲ ಮಾತು ಯಂತ್ರದ್ದು. ಎರಡನೆಯದು ಯಂತ್ರ ಹೇಳಿದ್ದಲ್ಲ, ನನ್ನದೇ. ಅವತ್ತು ನೀನು ಫೋನಿನಲ್ಲಿ, "ಲೇ ಅಂಬ್ರ್ಯಾ, ನಿನ್ನ ಭಾವನ್ನ ಕಳ್ಳ ಮಾಡಿ ಕುಂತೀ ಏನಲೇ?" ಎಂದೆ. "ಅಕ್ಕನ ಗಂಡ ಅಂತ ಸುಳ್ಳು ಹೇಳ್ಲೇನು ಬೇ?" ಎಂದೆ ನಾನು. ನಿನ್ನ ದನಿ ಕೇಳಿದ್ದು ಅದೇ ಕೊನೆ.

ಈ ಸಲ ಕಾರನ್ನು ನಾನೇ ಕಲ್ಮಲದ ಕಡೆ ಓಡಿಸಿದೆ. ಮಾರ್ಚಿನಲ್ಲಿ ಮಾಡಬೇಕಾಗಿದ್ದ ಕೆಲಸ. ಎಷ್ಟು ಒತ್ತಿದರೂ ಎಳೆತವಿಲ್ಲ, ಮತ್ತೆ ಮತ್ತೆ ಗೇರ್ ಇಳಿಸಬೇಕು. ಡೀಸೆಲ್ ಕುಡಿಯದೆ ಏನು ಮಾಡೀತು?

ಏರ್ ಫಿಲ್ಟರಿನ ಪಕ್ಕ ಒಂದು ಸೆನ್ಸರ್ ಇರುತ್ತದೆ ಅಕ್ಕ. ಕೂದಲಿಗಿಂತ ತೆಳುವಾದ ಅದರ ತಂತಿ ಇಂಜಿನ್ನಿಗೆ ಹೋಗುವ ಗಾಳಿಯನ್ನು ಅಳೆಯುತ್ತದೆ. ಅದು ಹೇಳಿದ ಲೆಕ್ಕದ ಮೇಲೆ ಗಾಡಿಯ ಕಂಪ್ಯೂಟರ್ ಡೀಸೆಲ್ ಬಿಡುತ್ತದೆ. ರಸ್ತೆ ಬದಿಗೆ ನಿಲ್ಲಿಸಿ ಆ ಸೆನ್ಸರಿನ ಪ್ಲಗ್ಗು ಕಿತ್ತೆ. ಮೀಟರಿನಲ್ಲಿ ಹಳದಿ ದೀಪ ಹತ್ತಿತು, ಆದರೆ ಗಾಡಿ ಮಾತ್ರ ಹಗ್ಗ ಬಿಚ್ಚಿದ ಹೋರಿಯ ಹಾಗೆ ನುಗ್ಗಿತು. ಸೆನ್ಸರಿನ ಮಾತು ಕೇಳುವುದಕ್ಕಿಂತ ಕಂಪ್ಯೂಟರಿನ ಅಂದಾಜೇ ವಾಸಿಯಾಗಿತ್ತು. ಸೆನ್ಸರ್ ಪೂರ್ತಿ ಕೆಟ್ಟಿದ್ದರೆ ಸ್ಕ್ಯಾನರ್ ಹೇಳುತ್ತಿತ್ತು. ಇದು ಕೆಲಸ ಮಾಡುತ್ತಲೇ ಗಾಳಿಯನ್ನು ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ಕಂಪ್ಯೂಟರ್ ಬಲ ಕುಗ್ಗಿಸುತ್ತಿತ್ತು, ಕೆಳ ಗೇರಿನಲ್ಲೇ ಒತ್ತಿ ಓಡಿಸಿ ಒಟ್ಟಿನಲ್ಲಿ ಡೀಸೆಲ್ ಹೆಚ್ಚು ಸುಡುತ್ತಿತ್ತು.

ಬಿಚ್ಚಿ ನೋಡಿದೆ. ತಂತಿಯ ಮೇಲೆ ಎಣ್ಣೆ, ಎಣ್ಣೆಗೆ ಹತ್ತಿದ ಧೂಳು. ಎಣ್ಣೆ ಎಲ್ಲಿಂದ ಬಂತು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ.

ಹೋದ ಸುಗ್ಗಿಯಲ್ಲಿ ಈ ಕಾರು ದಿನವೂ ಮಾನ್ವಿ ಕಡೆ ಓಡಾಡುತ್ತಿತ್ತು. ಭತ್ತದ ಹೊಟ್ಟು ಫಿಲ್ಟರಿನಲ್ಲಿ ತುಂಬಿತ್ತು. ಮಲ್ಲಟ ಊರಿನ ಹಳೇ ಟ್ರ್ಯಾಕ್ಟರುಗಳಲ್ಲಿ ಧೂಳು ಹಿಡಿಯಲು ಫಿಲ್ಟರಿನಲ್ಲೇ ಎಣ್ಣೆ ಇಡುತ್ತಾರೆ. ನಾನು ಕೆಲಸ ಕಲಿತದ್ದೇ ಅವುಗಳ ಮೇಲೆ. ಅದೇ ಬುದ್ಧಿಯಿಂದ ಕಾರಿನ ಕಾಗದದ ಫಿಲ್ಟರಿಗೂ ಎಣ್ಣೆ ಸವರಿ ಕೂಡಿಸಿದ್ದೆ. ಭಾವ ಪಕ್ಕದಲ್ಲೇ ನಿಂತು, "ಏ, ಚಲೋ ಐಡಿಯಾ ಮಾಡೀಯಲೇ" ಎಂದು ಬೆನ್ನು ತಟ್ಟಿದ್ದ.

ಸೆನ್ಸರಿಗೇ ಎಂದು ಬರುವ ಸ್ಪ್ರೇ ಹೊಡೆದು, ಬೆರಳು ತಾಗಿಸದೆ ಒಣಗಿಸಿದೆ. ಹೊಸ ಫಿಲ್ಟರ್ ಹಾಕಿದೆ. ಟ್ಯಾಂಕ್ ತುಂಬಿಸಿ ದೇವದುರ್ಗಕ್ಕೆ ಹೋಗಿ ಬಂದು ಮತ್ತೆ ತುಂಬಿಸಿದೆ. ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿದ್ದದ್ದು ಹದಿನೇಳಕ್ಕೆ ಏರಿತ್ತು. ದಾರಿಯಲ್ಲಿ ಗಬ್ಬೂರು ಬಂತು. ನಿಮ್ಮ ಬಾಗಿಲು ತೆರೆದಿತ್ತು, ನೀನು ಕಟ್ಟೆಯ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದೆ. ಗಾಡಿಯ ಸದ್ದಿಗೆ ತಲೆ ಎತ್ತಿದೆ. ನಾನು ನಿಲ್ಲಿಸಲಿಲ್ಲ.

ಗುರುವಾರ ಸಾಹೇಬರು ಬಂದಾಗ ಮೇಸ್ತ್ರಿ ನನ್ನನ್ನು ಬದಿಗೆ ಕರೆದು, "ಸೆನ್ಸರ್ ಹಳೇದಾಗಿತ್ತು ಅನ್ನಲೇ, ಮುಗೀತು. ಎಣ್ಣಿ ಮಾತು ಎತ್ತಬ್ಯಾಡ" ಎಂದರು. ನಾನು ಎತ್ತಿದೆ. ಸಾಹೇಬರು ಟೈರಿನ ಮೇಲೆ ಕೂತುಬಿಟ್ಟರು. "ಮಗಳ ತಲಿ ಮ್ಯಾಲ ಕೈ ಇಟ್ಟು ಕದ್ದಿಲ್ಲ ಅಂತ ಹೇಳಿದ್ನಪ್ಪಾ ಅವ. ಅವನ್ನ ಬಿಟ್ಟು ನಿನ್ನ ಸ್ಕ್ಯಾನರ್ ಡಬ್ಬಿ ನಂಬಿದೆ" ಎಂದರು.

22ನೇ ತಾರೀಕು ಭಾನುವಾರ ಸಾಹೇಬರು ಗಬ್ಬೂರಿಗೆ ಬರುತ್ತಾರೆ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಭಾವನನ್ನು ಕಳ್ಳ ಎಂದ ಜನರ ಮುಂದೆಯೇ, ಆತ ಕಳ್ಳನಲ್ಲ ಎಂದು ಹೇಳುತ್ತಾರೆ. ಕೆಲಸ ವಾಪಸ್ ಸಿಗುವ ಖಾತ್ರಿ ಇಲ್ಲ, ಹೊಸಬನಿಗೂ ಮಕ್ಕಳಿದ್ದಾರೆ. ಆದರೆ ಹೆಸರು ತೊಳೆದರೆ ಬೇರೆ ಯಾರಾದರೂ ಸ್ಟಿಯರಿಂಗ್ ಕೊಡುತ್ತಾರೆ. ಭಾವ ಈಗ ಮೆಣಸಿನಕಾಯಿ ಚೀಲ ಹೊರುತ್ತಿದ್ದಾನೆಂದು ಕೇಳಿದೆ. ಅವತ್ತೊಂದು ದಿನ ಹೊರುವುದು ಬಿಟ್ಟು ಬಾ ಎಂದು ಹೇಳು.

ನಿನ್ನ ಕ್ಷಮೆ ಕೇಳುವ ಧೈರ್ಯವಿಲ್ಲ. ನಿನ್ನ ಮನೆಯ ಊಟ ತಪ್ಪಿದ ಮೇಲೆ ಮೂರು ತಿಂಗಳು ಖಾನಾವಳಿಯಲ್ಲಿ ಉಂಡೆ. ರೊಟ್ಟಿ ಚೆನ್ನಾಗಿಯೇ ಇರುತ್ತದೆ. "ಇನ್ನೊಂದು ಹಾಕ್ಲೇನು?" ಎಂದು ಕೇಳುವವರು ಇಲ್ಲ, ಅಷ್ಟೇ.

ನಿನ್ನ ತಮ್ಮ,
ಅಂಬರೇಶ

ಮರೆತ ಮಾತು: ಉತ್ತರ ಬರೆಯುವ ಮನಸ್ಸಾದರೆ ಗ್ಯಾರೇಜಿನ ವಿಳಾಸಕ್ಕೆ ಬರೆಯಬೇಡ. ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಗುರುವಾರವೇ ಮೇಸ್ತ್ರಿ ನನ್ನ ಚೀಲ ಹೊರಗಿಟ್ಟರು. ಮಲಗುವ ಕೋಣೆಯೂ ಅವರದೇ ಆಗಿತ್ತು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಭಾನುವಾರ ನಾನೂ ಗಬ್ಬೂರಿಗೆ ಬರುತ್ತೇನೆ. ಎಣ್ಣೆ ಸವರಿದವನು ನಾನು ಎಂದು ಜನರ ಮುಂದೆ ನನ್ನ ಬಾಯಿಂದಲೇ ಹೇಳಿ ಅಲ್ಲಿಂದಲೇ ಬಸ್ಸು ಹತ್ತುತ್ತೇನೆ. ಯಾವ ಊರಿನ ಬಸ್ಸು ಎಂದು ಇನ್ನೂ ಗೊತ್ತಿಲ್ಲ.