ನೀನು ಆಡದ ಮಾತು

ಫೆಬ್ರವರಿ ೧೮, ಮಂಗಳವಾರ

ಮಗಳೇ,

ಚೆನ್ನಾಗಿದ್ದೀಯಾ? ಆರು ವರ್ಷದ ಮೇಲೆ ಅಪ್ಪನ ಅಕ್ಷರ ಕಂಡೆ ಅಂತ ಹರಿದುಹಾಕಬೇಡ. ತಡವಾದದ್ದಕ್ಕೆ ನೆಪ ಹೇಳುವುದಿಲ್ಲ. ನೆಪ ಹೇಳುವುದರಲ್ಲಿ ನಾನು ಎಂಥ ನಿಸ್ಸೀಮ ಅಂತ ನಿನಗೆ ಗೊತ್ತೇ ಇದೆ.

ಕುಡಿತ ಬಿಟ್ಟು ನಾಲ್ಕು ವರ್ಷವಾಯಿತು. ನನ್ನನ್ನು ಸರಿಮಾಡಿದ ವಾರ್ಡಿನಲ್ಲೇ ಈಗ ಕೆಲಸ. ಔಷಧಿ ಡಾಕ್ಟರ ಪಾಲು. ಹೊಸಬರ ಮಂಚದ ಪಕ್ಕ ಕೂತು, "ನಾನೂ ಹೀಗೇ ನಡುಗಿದ್ದೆ" ಅಂತ ನನ್ನ ಕಥೆ ಹೇಳುವುದು ನನ್ನ ಪಾಲು. ಹಾವಿನ ಹೆಜ್ಜೆ ಹಾವೇ ಬಲ್ಲದು ಅಂತ ನರ್ಸಮ್ಮ ಕಾಲೆಳೆಯುತ್ತಾರೆ.

ಆ ಕಥೆಯಲ್ಲಿ ನೀನೂ ಬರುತ್ತೀಯ. ಸೂಜಿಗೆ ದಾರ ಪೋಣಿಸಲಾಗದಷ್ಟು ಕೈ ನಡುಗುತ್ತಿದ್ದ ಒಬ್ಬ ಟೈಲರ್ ಕೇಳಿದ, "ಕೊನೆಗೆ ಮಗಳು ಏನಂದ್ಳಣ್ಣ?" ನಿಜ ಹೇಳಿದರೆ ಅವನ ಜೀವ ಕುಗ್ಗುತ್ತದೆ ಅನ್ನಿಸಿತು. "ಕ್ಷಮಿಸಿಬಿಟ್ಳು ಕಣಪ್ಪ. ಭಾನುವಾರ ಭಾನುವಾರ ಫೋನ್ ಮಾಡ್ತಾಳೆ" ಅಂದೆ. ಎಷ್ಟೋ ಜನಕ್ಕೆ ಹಾಗೇ ಹೇಳಿದ್ದೇನೆ. ಹೇಳಿ ಹೇಳಿ, ಭಾನುವಾರ ಫೋನನ್ನು ಕೈಯಳತೆಯಲ್ಲೇ ಇಟ್ಟುಕೊಳ್ಳುವ ಹುಚ್ಚು ಹತ್ತಿದೆ.

ಅವನು ಚೇತರಿಸಿಕೊಂಡ. ಮೊಮ್ಮಗಳಿಗೆಂದು ಒಂದು ಫ್ರಾಕ್ ಹೊಲಿದು, ನನ್ನ ಮಾತು ನಂಬಿ ಮಗಳ ಮನೆಗೆ ಹೋದ. ಅವಳು ಬಾಗಿಲಲ್ಲೇ ಅದನ್ನು ಬಿಡಿಸಿ ನೋಡಿ, "ಇದನ್ನ ಹಾಕ್ಕೊಳ್ಳೋ ವಯಸ್ಸು ದಾಟಿ ಅವಳಿಗೆ ಐದು ವರ್ಷ ಆಯ್ತು" ಅಂದು ಕದ ಮುಚ್ಚಿದಳಂತೆ. ಅಲ್ಲಿಂದ ನೇರ ಕುಡಿಯಲು ಹೋಗಿದ್ದಾನೆ. ಶನಿವಾರ ಹೊತ್ತುಕೊಂಡು ಬಂದರು. ಲಿವರ್ ಪೂರ್ತಿ ಹೋಗಿದೆ, ಡಾಕ್ಟರು ಕೈಚೆಲ್ಲಿದ್ದಾರೆ. ನಿನ್ನೆ ನನ್ನ ಕೈ ಹಿಡಿದು, "ನಿಮ್ಮ ಮಗಳದು ದೊಡ್ಡ ಮನಸ್ಸು. ನನ್ನವಳದು ಕಲ್ಲು, ಅಣ್ಣ" ಅಂದ.

ಆ ಹುಡುಗಿಯದೇನು ತಪ್ಪು? ಕ್ಷಮೆ ಸಿಗದೆಯೂ ನಾಲ್ಕು ವರ್ಷ ಕುಡಿಯದೆ ಇದ್ದೇನೆ ಅಂತ ನಿಜ ಹೇಳಿದ್ದರೆ ಅವನು ಉಳಿಯುತ್ತಿದ್ದನೇನೋ. ನಾಳೆ ಹೇಳುತ್ತೇನೆ, ಅವನಿಗೆ ಎಚ್ಚರವಿದ್ದರೆ. ನೀನು ಆಡದ ಮಾತನ್ನು ನೀನೇ ಆಡಿದೆ ಅಂತ ನಾನು ಸಾರಿಕೊಂಡು ತಿರುಗಿದ್ದು ನಿನಗೂ ಗೊತ್ತಿರಲಿ ಅಂತ ಬರೆದೆ. ಅದನ್ನು ನಿಜ ಮಾಡು ಅಂತ ಕೇಳುತ್ತಿಲ್ಲ.

ಎಲ್ಲಿದ್ದರೂ ತಣ್ಣಗಿರು, ತಾಯಿ.

ನಿನ್ನ ಅಪ್ಪ

ತಾ.ಕ.: ಕೆಲಸ ಹೋದದ್ದು, ಚರಂಡಿಯಲ್ಲಿ ಬಿದ್ದದ್ದು, ನಿಮ್ಮಮ್ಮ ಮನೆ ಬಿಟ್ಟದ್ದು, ಎಲ್ಲವನ್ನೂ ವಾರ್ಡಿನಲ್ಲಿ ಹೇಳುತ್ತೇನೆ. ನಿನಗೆ ಹತ್ತು ವರ್ಷವಿದ್ದಾಗ ನಾನು ಹೊಡೆದ ಏಟಿಗೆ ನಿನ್ನ ಎಡಗಿವಿ ಕೇಳಿಸದೆ ಹೋದದ್ದನ್ನು ಮಾತ್ರ ಇವತ್ತಿಗೂ ಯಾರಿಗೂ ಹೇಳಿಲ್ಲ. ಮೆಟ್ಟಿಲಿಂದ ಬಿದ್ದೆ ಅಂತ ಅವತ್ತು ಡಾಕ್ಟರ ಮುಂದೆ ನಿನ್ನ ಬಾಯಿಂದಲೇ ಹೇಳಿಸಿದೆ.