ಸಂಚಿಯೊಳಗಿನ ಫೋನು

ಸಿಂಧನೂರು
ಬುಧವಾರ, 11-6-1997

ಅಂಬಮ್ಮನ ಅಪ್ಪನವರಿಗೆ ಶೇಖರಮ್ಮ ಮಾಡುವ ಶರಣುಗಳು.

ನೀವು ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಮುಂಬಯಿಯಲ್ಲಿ ಮಳೆ ಹಿಡಿದಿರಬೇಕು. ಖಾನಾವಳಿಯ ಊಟದಿಂದ ಎದೆ ಉರಿ ಮತ್ತೆ ಶುರುವಾಗಿದೆಯಂತೆ, ಖಾರ ಬಿಟ್ಟು ಮಜ್ಜಿಗೆ ಕುಡಿಯಿರಿ. ಅದು ನನಗೆ ಹೇಗೆ ಗೊತ್ತಾಯಿತು ಎಂದು ಈಗಲೇ ಕೇಳಬೇಡಿ, ಮುಂದೆ ಬರೆಯುತ್ತೇನೆ. ಇಲ್ಲಿ ನಿಮ್ಮ ತಾಯಿಯವರ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಂಬಮ್ಮ ಎಂಟು ದಿನ ಇದ್ದು ಬರಲೆಂದು ಲಿಂಗಸುಗೂರಿಗೆ, ನನ್ನ ತವರಿನ ಗೋಪಣ್ಣನ ಮನೆಗೆ ಹೋಗಿದ್ದಾಳೆ. ಅವಳ ಮದುವೆಯ ಮಾತು ಬರೆಯಬೇಕೆಂದೇ ಕುಳಿತಿದ್ದೇನೆ. ಆದರೆ ಫೋನಿನ ಕಥೆ ಬರೆಯದೆ ಅದು ನಿಮಗೆ ಅರ್ಥವಾಗುವುದಿಲ್ಲ.

ಯುಗಾದಿಗೆ ಬಂದಾಗ ವೈರಿಲ್ಲದ ಫೋನು ತಂದಿರಲ್ಲ, ಒಂದಲ್ಲ ಎರಡು. ಒಂದೇ ಅಂಗಡಿಯವು, ಒಂದೇ ಬಣ್ಣದವು. ಒಂದು ನಮಗೆ, ಇನ್ನೊಂದು ಗೋಡೆಯಾಚೆಯ ಮೌಲಾಸಾಬರಿಗೆ, ಅಕ್ಕಿ ವ್ಯಾಪಾರದ ಪಾಲುದಾರರೆಂದು. ಫೋನು ಕೂಡಿಸುವ ಡಬ್ಬಿಯನ್ನು ಪಡಸಾಲೆಯ ಕಪಾಟಿನ ಮೇಲಿಟ್ಟು, ಏರಿಯಲ್ ಎಳೆದು, ಮಿಲ್ಲಿನಿಂದ ಫೋನು ಮಾಡಿಸಿ, ಮನೆ ತುಂಬ ಹಲೋ ಹಲೋ ಎನ್ನುತ್ತ ತಿರುಗಿದಿರಿ. ಬಚ್ಚಲಲ್ಲಿ ಗರಗರ ಎಂದಿತು, ಮಾಳಿಗೆಯ ಮೇಲೆ ಸತ್ತೇ ಹೋಯಿತು. ಅಡುಗೆಮನೆಯ ಒಲೆಯ ಪಕ್ಕ ಮಾತ್ರ ಸ್ವಚ್ಛ ಕೇಳಿತು. "ಇನ್ನ ನೀ ರೊಟ್ಟಿ ಬಡಕೋತ ನನ್ನ ಕೂಡ ಮಾತಾಡು" ಎಂದು ನಕ್ಕಿರಿ. ಹದಿನೈದು ವರ್ಷದ ಸಂಸಾರದಲ್ಲಿ ನೀವು ನನಗಾಗಿ ಮಾಡಿದ ಕೆಲಸ ಅದೊಂದೇ ಎಂದು ಆ ದಿನ ಹೋಳಿಗೆಗೆ ಎರಡು ಚಮಚ ತುಪ್ಪ ಹೆಚ್ಚು ಹಾಕಿದ್ದೆ. ಆ ತುಪ್ಪ ದಂಡ.

ನೀವು ಬಸ್ಸು ಹತ್ತಿದ ಮರುದಿನವೇ ಫೋನು ಅತ್ತೆಯವರ ಎಲೆಅಡಿಕೆ ಸಂಚಿ ಸೇರಿತು. ರಾತ್ರಿ ಚಾರ್ಜಿಗೆ ಇಡುತ್ತಾರೆ, ಬೆಳಿಗ್ಗೆ ಸುಣ್ಣದ ಡಬ್ಬಿಯ ಪಕ್ಕ ತುರುಕುತ್ತಾರೆ. ಏರಿಯಲ್ ಹೊರಗೆ ಚಾಚಿಕೊಂಡಿರುತ್ತದೆ. ಪೂಜೆಗೂ ಅದು ಜೊತೆಗೆ, ಬಚ್ಚಲಿಗೂ ಜೊತೆಗೆ. ವೈರಿದ್ದಾಗ ಅದು ಪಡಸಾಲೆಯಲ್ಲಾದರೂ ಇರುತ್ತಿತ್ತು, ಹಿಟ್ಟಿನ ಕೈಯಲ್ಲೇ ಓಡಿ ಬಂದರೆ ಕೊನೆಯ ಎರಡು ಮಾತು ಸಿಗುತ್ತಿದ್ದವು. ಈಗ ನಾನು ಓಡಿ ಬಂದು ನಿಂತರೂ "ಆಕಿ ಅಡಗಿ ಮಾಡಾಕತ್ಯಾಳ" ಎಂದು ನಿಮಗೆ ಹೇಳಿ ಇಟ್ಟುಬಿಡುತ್ತಾರೆ. ಎರಡು ಸಲ ಎಸ್‌ಟಿಡಿ ಬೂತಿನಿಂದ ನಿಮ್ಮ ಅಂಗಡಿಗೆ ಮಾಡಿ, ಹೆಂಡತಿ ಕರೆದಿದ್ದಳು ಎಂದು ಹೇಳಿಸಿದೆ. ನೀವು ತಿರುಗಿ ಮಾಡಿದ್ದು ಸಂಚಿಗೆ.

ಇನ್ನು ಖಾಸಿಂಬೀ ಮಾತು. ಏಪ್ರಿಲಿನ ಒಂದು ಭಾನುವಾರ, ಮೌಲಾಸಾಬರ ಹೆಂಡತಿ ಖಾಸಿಂಬೀ ಗೋಡೆಯ ಮೇಲಿಂದ ಕೂಗಿದಳು, "ಅಕ್ಕಾ, ಜಲ್ದಿ ಬರ್ರೀ, ನಿಮ್ಮ ಮನಿಯವರು ನಮ್ಮ ಫೋನಿನ್ಯಾಗ ಮಾತಾಡಾಕತ್ಯಾರ." ನನಗೇ ಕರೆದಿದ್ದೀರಿ ಎಂದುಕೊಂಡು ಹೋದೆ. ಕಿವಿಗೆ ಹಚ್ಚಿದರೆ ನಿಮ್ಮ ದನಿಯೇ. "ನಾನ್ರೀ, ನಾನು" ಎಂದೆ. ನೀವು ಎಮ್ಮೆ ಈದಿತೇನು ಎಂದು ಕೇಳುತ್ತಿದ್ದಿರಿ, ನಮ್ಮ ಮನೆಯಿಂದ ಅತ್ತೆಯವರು ಉತ್ತರ ಕೊಡುತ್ತಿದ್ದರು. ಜೋಡಿ ಫೋನುಗಳಾದ್ದರಿಂದ ನಮ್ಮ ಮನೆಯ ಮಾತು ಆ ಮನೆಯಲ್ಲೂ ಕೇಳುತ್ತದೆ. ನನ್ನ ದನಿ ಮಾತ್ರ ನಿಮ್ಮತ್ತ ಬರುವುದಿಲ್ಲ.

ಅಂದಿನಿಂದ ಏಳು ಭಾನುವಾರ ಹೋಗಿದ್ದೇನೆ. ಖಾಸಿಂಬೀ ಫೋನು ಕೈಗೆ ಕೊಟ್ಟು, ತಾನು ಕೇಳಬಾರದೆಂದು ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತ ಕೂಡುತ್ತಾಳೆ. ಅಷ್ಟು ಮರ್ಯಾದೆ ನಮ್ಮ ಮನೆಯಲ್ಲಿಲ್ಲ. ಗಂಡನ ಮಾತನ್ನು ಪರರ ಮನೆಯಲ್ಲಿ ಕದ್ದು ಕೇಳುವವಳಾದೆನಲ್ಲ ಎಂದು ನನಗೆ ನಾಚಿಕೆಯಾಗಿದೆ. ಆದರೂ ಬಿಡಲಿಲ್ಲ. ಮೊಣಕಾಲು ಕೇಳಿದಿರಿ, ಸಾಲಗುಂದದ ಗದ್ದೆಗೆ ಕಾಲುವೆ ನೀರು ಯಾವಾಗ ಎಂದು ಕೇಳಿದಿರಿ, ನಿಮ್ಮ ಎದೆ ಉರಿ ಹೇಳಿಕೊಂಡಿರಿ. ಈ ವಾರ ನನ್ನ ಹೆಸರು ಬರುತ್ತದೆ, ಈ ವಾರ ಬರುತ್ತದೆ ಎಂದು ನಿಂತಲ್ಲೇ ಕಾದೆ. ಏಳು ವಾರದಲ್ಲಿ ಒಮ್ಮೆಯೂ ನೀವು ನನ್ನನ್ನು ಕೇಳಲಿಲ್ಲ.

ಮೊನ್ನೆ ಭಾನುವಾರ ಅತ್ತೆಯವರು ಮುಕ್ಕುಂದದ ನಿಮ್ಮ ಅಕ್ಕನ ಮಗ ಆದಪ್ಪನಿಗೆ ಅಂಬಮ್ಮನನ್ನು ಕೊಡುವ ಮಾತೆತ್ತಿದರು. ಆದಪ್ಪನಿಗೆ ಇಪ್ಪತ್ತಾರು, ಅಂಬಮ್ಮನಿಗೆ ಹದಿಮೂರು. ನೀವು ಒಂದು ಉಸಿರು ತಡೆಯಲಿಲ್ಲ. "ಆಗಲಿಬೇ ಯವ್ವಾ, ಆಷಾಢ ಹಿಡಿಯೋದರಾಗ ಮುಗಿಸಿಬಿಡು" ಎಂದಿರಿ. ಅತ್ತೆಯವರೇ, ಅವರೇ, "ಶೇಖರಿ ಏನಂತಾಳೋ" ಎಂದರು. ಅದಕ್ಕೆ ನೀವು, "ಆಕೀನ ಏನ ಕೇಳೋದೈತಿ?" ಎಂದಿರಿ. ಏಳು ವಾರ ಕಾದದ್ದಕ್ಕೆ ಸಿಕ್ಕಿದ್ದು ಅದು. ನನ್ನನ್ನು ಕೊಟ್ಟಾಗಲೂ ಯಾರೂ ಕೇಳಿರಲಿಲ್ಲ, ನನಗೂ ಹದಿನಾಲ್ಕೇ. ನಿಮಗೆ ಅದು ನೆನಪಿದ್ದೀತು ಎಂದುಕೊಂಡಿದ್ದೆ, ನನ್ನದೇ ತಪ್ಪು. ನನಗೆ ಸಿಟ್ಟು ಬಂದಿದೆ. ಅಂಬಮ್ಮ ಏಳನೆಯ ತರಗತಿಯಲ್ಲಿ ಎರಡನೆಯವಳಾಗಿ ಪಾಸಾಗಿದ್ದಾಳೆ, ಅದನ್ನೂ ಯಾರೂ ನಿಮಗೆ ಫೋನಿನಲ್ಲಿ ಹೇಳಿಲ್ಲ.

ಹಿರಿಯರಿಗೆ ನಿಮ್ಮ ನಮಸ್ಕಾರ ಮುಟ್ಟಿಸುವುದು ಬೇಕಿಲ್ಲ, ವಾರವಾರ ನೀವೇ ಮುಟ್ಟಿಸುತ್ತೀರಿ. ಮಳೆಯಲ್ಲಿ ತೋಯಿಸಿಕೊಳ್ಳಬೇಡಿ. ಗುರುಹಿರಿಯರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ಮನೆಯಲ್ಲಿ ಇನ್ನೂ ಇರುವ
ಶೇಖರಮ್ಮ

ತಾ. ಕ.: ಟಪಾಲು ತೆಗೆಯುವ ಹೊತ್ತಾಯಿತು. ಅಂಬಮ್ಮ ಎಂಟು ದಿನಕ್ಕೆ ಹೋಗಿಲ್ಲ. ಸೋಮವಾರ ಇಲ್ಲಿಯ ಶಾಲೆಯಿಂದ ಟಿ.ಸಿ. ತೆಗೆಸಿದೆ, ನಿನ್ನೆ ಲಿಂಗಸುಗೂರಿನಲ್ಲಿ ಎಂಟನೆಯ ತರಗತಿಗೆ ಸೇರಿಸಿ ಬಂದೆ. ತಂದೆಯ ಸಹಿ ಎಂದಿದ್ದಲ್ಲೆಲ್ಲ ನನ್ನ ಸಹಿ ಮಾಡಿದ್ದೇನೆ. ಮಸ್ಕಿಯಲ್ಲಿ ಬಸ್ಸು ನಿಂತಾಗ ಅವಳು ನನ್ನ ಸೆರಗು ಹಿಡಿದು, "ಯವ್ವಾ, ಈ ಬಸ್ಸು ಮುಕ್ಕುಂದಕ್ಕ ಹೋಗಂಗಿಲ್ಲಲ್ಲ?" ಎಂದಳು. ಅವಳಿಗೆ ಎಲ್ಲ ಗೊತ್ತಿತ್ತು. ನನಗೆ ಉತ್ತರ ಬರೆಯಬೇಡಿ, ಅದೂ ಸಂಚಿಗೇ ಹೋಗುತ್ತದೆ. ಇಪ್ಪತ್ತೆರಡನೆಯ ತಾರೀಕು ಭಾನುವಾರ ತಾಯಿಯ ಕೂಡ ಮಾತಾಡುವಾಗ ಈ ಮದುವೆ ಬೇಡ ಎಂದು ಬಾಯಿ ಬಿಟ್ಟು ಹೇಳಿ. ನಾನು ಖಾಸಿಂಬೀ ಮನೆಯಲ್ಲಿ ನಿಂತಿರುತ್ತೇನೆ. ಹೇಳಿದರೆ ಮನೆಗೆ ಬಂದು ರೊಟ್ಟಿ ಬಡಿಯಲು ಕೂಡುತ್ತೇನೆ. ಹೇಳದಿದ್ದರೆ ಅಲ್ಲಿಂದಲೇ ಬಸ್‌ಸ್ಟ್ಯಾಂಡಿಗೆ ಹೋಗುತ್ತೇನೆ, ಚೀಲವನ್ನು ನಿನ್ನೆಯೇ ಖಾಸಿಂಬೀ ಮನೆಯಲ್ಲಿ ಇಟ್ಟಿದ್ದೇನೆ.