ಕ್ಯೂ ಖಾಲಿಯಾಗಬಾರದು

ಮಾರ್ಚ್ 3, ಸೋಮವಾರ

ಇವತ್ತಾದರೂ ಅತ್ತೆಗಿಂತ ಮೊದಲು ಏಳಬೇಕು ಅಂದುಕೊಂಡಿದ್ದೆ. ಸೋತೆ. ಹಾಲ್‌ಗೆ ಬಂದರೆ ಆಗಲೇ ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ದಾರೆ. ಬೆನ್ನು ನೆಟ್ಟಗೆ, ಕನ್ನಡಕ ಮೂಗಿನ ತುದಿಗೆ, ಕಂಪ್ಯೂಟರ್ ಪರದೆ ತುಂಬ ನಕ್ಷತ್ರ. ಪಕ್ಕದಲ್ಲಿ ನನ್ನ ಟೀ, ತಟ್ಟೆ ಮುಚ್ಚಿ ಇಟ್ಟಿದ್ದರು. ಎಂದಿನಂತೆ ಅರ್ಧ ಲೋಟ. ಈ ಮನೆಯಲ್ಲಿ ಟೀ ಯಾಕೆ ಯಾವಾಗಲೂ ಅರ್ಧ ಲೋಟ? ಶಿಸ್ತು ಇರಬೇಕು. ಕೇಳುವ ಧೈರ್ಯ ಬಂದಿಲ್ಲ.

ಹೌದು, ನನ್ನ ಅತ್ತೆ ಸ್ಪೇಸ್ ಗೇಮ್ ಆಡುತ್ತಾರೆ!! ಮದುವೆಯಾಗಿ ಐದು ವಾರವಾಯಿತು, ಕನ್ನಡಕದ ಅಂಗಡಿಯ ನನ್ನ ಕಲೀಗ್ಸ್ ಇನ್ನೂ ನಂಬಿಲ್ಲ. ಮೂವತ್ತು ವರ್ಷ ಸರ್ಜರಿ ವಾರ್ಡಿನಲ್ಲಿ ಹೆಡ್ ನರ್ಸ್. ರಿಟೈರ್ ಆದ ಮೇಲೆ ಬಾಹ್ಯಾಕಾಶ. ಅಲ್ಲೂ ನರ್ಸೇ! ಯುದ್ಧದಲ್ಲಿ ಪೆಟ್ಟು ತಿಂದ ಹಡಗುಗಳನ್ನು ಹಿಂದೆ ನಿಂತು ರಿಪೇರಿ ಮಾಡುವ ಪುಟ್ಟ ಹಡಗು ಅವರದು. ಆನ್‌ಲೈನಿನಲ್ಲಿ ಜೊತೆಗೆ ಆಡುವ ಗುಂಪಿನವರು ಅದನ್ನು ನರ್ಸ್ ಹಡಗು ಅನ್ನುತ್ತಾರೆ, ಇವರನ್ನು ಸಿಸ್ಟರ್ ಅನ್ನುತ್ತಾರೆ. ಹೆಡ್‌ಫೋನಿನಿಂದ ಹೊರಗೂ ಕೇಳಿಸುತ್ತದೆ.

"ಸಿಸ್ಟರ್, ಸತ್ತೆ, ಸತ್ತೆ!"

"ನಿಜವಾಗ್ಲೂ ಸಾಯೋರು ಇಷ್ಟು ಕಿರುಚಲ್ಲ. ಸುಮ್ನಿರಪ್ಪ."

ನನ್ನ ಗಂಡ ಆಡುವುದಿಲ್ಲ. ಲಿಫ್ಟ್ ರಿಪೇರಿ ಎಂಜಿನಿಯರ್. ದಿನವಿಡೀ ಜನರನ್ನು ಮೇಲೆ ಕೆಳಗೆ ಕಳಿಸಿ ಬಂದವನಿಗೆ ಅದಕ್ಕಿಂತ ಮೇಲೆ ಹೋಗುವ ಶಕ್ತಿ ಇಲ್ಲವಂತೆ. ಎಷ್ಟು ಮುದ್ದು ನನ್ನ ಲಿಫ್ಟು!

(ಡೈರಿ ಕನ್ನಡದಲ್ಲೇ. ಇಂಗ್ಲಿಷಿನಲ್ಲಿ ಬರೆದರೆ ಸ್ಕೂಲಿನ ಮಿಸ್ ಯಾರೋ ಕೆಂಪು ಪೆನ್ನು ಹಿಡಿದು ಹಿಂದೆ ನಿಂತ ಹಾಗಾಗುತ್ತದೆ.)

ಮಾರ್ಚ್ 5, ಬುಧವಾರ

ನನಗೂ ಒಬ್ಬಳು ಪೈಲಟ್ ಹುಟ್ಟಿದಳು! ಕೆಂಪು ಕೂದಲು, ಹುಬ್ಬಿನ ಮೇಲೆ ಗಾಯದ ಗುರುತು. ಅವಳ ಮುಖ ಮಾಡುವುದರಲ್ಲೇ ಅರ್ಧ ಸಂಜೆ ಹೋಯಿತು. ಅತ್ತೆ ಪಕ್ಕದಲ್ಲಿ ಕೂತು, "ಆಯ್ತಾ? ಇದು ಬ್ಯೂಟಿ ಪಾರ್ಲರಾ?" ಅಂದರು.

ವಿಚಿತ್ರ ಆಟ. ಇಲ್ಲಿ ಆಡಿ ಆಡಿ ಕಲಿಯುವುದಿಲ್ಲ. ಕಲಿಯಬೇಕಾದ ಸ್ಕಿಲ್ ಒಂದನ್ನು ಕ್ಯೂನಲ್ಲಿ ಇಟ್ಟರೆ ಸಾಕು, ಪೈಲಟ್ ಗಡಿಯಾರದ ಪ್ರಕಾರ ತಾನೇ ಕಲಿಯುತ್ತಾಳೆ. ನಾವು ಮಲಗಿದ್ದರೂ, ಅಂಗಡಿಗೆ ಹೋಗಿದ್ದರೂ, ಕಂಪ್ಯೂಟರೇ ಆಫ್ ಆಗಿದ್ದರೂ. ಚಿಕ್ಕ ಸ್ಕಿಲ್ಲಿಗೆ ನಿಮಿಷ, ದೊಡ್ಡದಕ್ಕೆ ತಿಂಗಳುಗಟ್ಟಲೆ.

"ಅತ್ತೆ, ಆ ಬೆಳ್ಳಿ ರೆಕ್ಕೆ ಹಡಗು ನೋಡಿ! ಅದನ್ನೇ ಮೊದಲು ಹಾಕೋಣ!"

"ಕೂಸು ಹುಟ್ಟೋಕೆ ಮುಂಚೆ ಕುಲಾವಿ. ಮೊದಲು ಎಂಜಿನ್. ಆಮೇಲೆ ಕವಚ. ಆಮೇಲೆ ಬ್ಯಾಟರಿ. ಹಡಗು ಕೊನೇಗೆ."

"ಅಂದ್ರೆ ಎಷ್ಟು ದಿನ?"

"ಒಂದೂವರೆ ವರ್ಷ."

ಬಿದ್ದು ಬಿದ್ದು ನಕ್ಕೆ. ಅವರು ನಗಲಿಲ್ಲ. ಅಯ್ಯೋ ದೇವರೇ, ನಮ್ಮ ಇಡೀ ಮದುವೆಯನ್ನೇ ಎರಡು ತಿಂಗಳಲ್ಲಿ ಪ್ಲಾನ್ ಮಾಡಿದ್ದೆವು!

ಒಂದೇ ಒಂದು ನಿಯಮ: ಕ್ಯೂ ಖಾಲಿಯಾಗಬಾರದು. "ಡ್ರಿಪ್ ಬಾಟ್ಲು ಇದ್ದ ಹಾಗೆ," ಅಂದರು. "ಮುಗಿಯೋ ಮುಂಚೆ ಇನ್ನೊಂದು ನೇತಾಕ್ಬೇಕು."

ಇನ್ನೊಂದು ನಿಯಮವೂ ಇದೆ, ಹೇಳದೆ ತಿಳಿದದ್ದು. ಎಡಗೈಯವಳು ನಾನು, ಮೌಸನ್ನು ಎಡಗಡೆ ಸರಿಸಿಕೊಂಡೆ. ಅತ್ತೆ ಮಾತಾಡದೆ ಎತ್ತಿ ಬಲಗಡೆ ಇಟ್ಟರು. ಗಂಡ ಬಾಗಿಲಲ್ಲಿ ನಿಂತು ನಗುತ್ತಿದ್ದ. "ಆ ಮೇಜಿನ ಮೇಲೆ ನಮ್ಮಪ್ಪನೂ ಒಂದು ಪೆನ್ನು ಸರಿಸಿದೋರಲ್ಲ ಕಣೇ ಎಡಚಿ." ಹಾಗಾಗಿ ಬಲಗೈಯಲ್ಲೇ ಆಡಿದೆ. ಕಾಲಿನಲ್ಲಿ ರಂಗೋಲಿ ಹಾಕಿದ ಹಾಗಿತ್ತು.

ಮಾರ್ಚ್ 12, ಬುಧವಾರ

ಪಾಸ್‌ವರ್ಡ್ ಕೊಟ್ಟರು!!! ನನಗೆ! ಅವರ ಸ್ವಂತ ಪೈಲಟ್‌ನ ಪಾಸ್‌ವರ್ಡ್!

ನಾಳೆ ಚೆಕಪ್‌ಗೆ ಹೋಗುತ್ತಾರೆ, ಮಗಳ ಮನೆಯಲ್ಲಿ ಎರಡು ದಿನ ಇರುತ್ತಾರೆ. ಶುಕ್ರವಾರ ಬೆಳಿಗ್ಗೆ ಅವರ ಒಂದು ಸ್ಕಿಲ್ ಮುಗಿಯುತ್ತದೆ. ಅದು ಮುಗಿಯದೆ ಅದನ್ನೇ ಆಧರಿಸಿದ ಮುಂದಿನ ಪಾಠವನ್ನು ಕ್ಯೂಗೆ ಹಾಕಲು ಬರುವುದಿಲ್ಲ.

"ದೊಡ್ಡ ನರ್ಸ್ ಹಡಗು ಅಂತ ಇರುತ್ತೆ, ಅದರ ಕೊನೇ ಪಾಠ. ನೇತಾಕು, ಅಷ್ಟೇ."

ಎರಡು ವರ್ಷದಿಂದ ಆ ಹಡಗಿಗಾಗಿ ಕಲಿಯುತ್ತಿದ್ದಾರಂತೆ. ನವೆಂಬರಿಗೆ ಸಿಗುತ್ತದೆ. ನೋಡಲು ಎಮ್ಮೆಯ ಹಾಗಿದೆ, ಪಾಪ. "ಈ ಚಿಕ್ಕದೇ ಎಷ್ಟು ಚುರುಕಾಗಿದೆ ಅತ್ತೆ, ಅದ್ಯಾಕೆ?" ಅಂದೆ. "ಚಿಕ್ಕದರಲ್ಲಿ ಕ್ಷಣಕ್ಕೊಂದು ಸಲ ಒತ್ತಬೇಕು. ದೊಡ್ಡದು ಒಂದ್ಸಲ ಒತ್ತಿದ್ರೆ ತಾನೇ ನೋಡ್ಕೊಳ್ಳುತ್ತೆ," ಅಂದರು. ಏನು ಸೋಮಾರಿತನ! ನನ್ನ ಅತ್ತೆಗೂ ಒಂದು ವೀಕ್‌ನೆಸ್ ಇದೆ ಅಂತ ಖುಷಿಯಾಯಿತು.

ಮಾರ್ಚ್ 14, ಶುಕ್ರವಾರ, ಬೆಳಿಗ್ಗೆ

ನೇತುಹಾಕಿದೆ. ಎರಡು ಸಲ ಚೆಕ್ ಮಾಡಿದೆ.

ಮುಚ್ಚುವಾಗ ಮೂಲೆಯಲ್ಲಿ ಒಂದು ಬಟನ್ ಮಿನುಗುತ್ತಿತ್ತು. ಪೈಲಟ್‌ನ ಗುಣಗಳನ್ನು ಹೊಸದಾಗಿ ಹಂಚಬಹುದು ಅಂತ. ತೆರೆದರೆ — ನೆನಪಿನ ಶಕ್ತಿ ತುಂಬಿ ತುಳುಕುತ್ತಿದೆ, ಛಲವೂ ತುಂಬ ಇದೆ, ಚಾರ್ಮ್ ಮಾತ್ರ ತಳದಲ್ಲಿ! ನನ್ನ ಅತ್ತೆಗೆ ಚಾರ್ಮ್ ಇಲ್ಲವೇ? ಅನ್ಯಾಯ! ಎಲ್ಲ ಕಡೆಯಿಂದ ಸ್ವಲ್ಪ ಸ್ವಲ್ಪ ತೆಗೆದು ಚಾರ್ಮ್‌ಗೆ ಸುರಿದೆ. ಏನೋ ಉದ್ದದ ಬಾಕ್ಸ್ ಬಂತು. ಓಕೆ, ಓಕೆ.

ಬಂದಾಗ ನೋಡಿ ಎಷ್ಟು ನಗುತ್ತಾರೋ!

ಮಾರ್ಚ್ 15, ಶನಿವಾರ

ನಗಲಿಲ್ಲ.

"ಇದನ್ನ ಯಾರು ಒತ್ತಿದ್ದು?"

"ನಾನೇ ಅತ್ತೆ! ಸರ್‌ಪ್ರೈಸ್!"

"ವರ್ಷಕ್ಕೆ ಒಂದೇ ಸಲ ಬರೋದು ಇದು."

ಅಷ್ಟೇ. ಗುಣ ಯಾವುದು ಹೆಚ್ಚಿದೆಯೋ ಅದಕ್ಕೆ ಸೇರಿದ ಪಾಠ ಬೇಗ ಮುಗಿಯುತ್ತದಂತೆ, ಉಳಿದದ್ದು ನಿಧಾನ. ಎಮ್ಮೆ ಹಡಗಿಗೆ ಬೇಕಾದದ್ದು ನೆನಪು, ಛಲ. ಈಗ ಪರದೆಯ ಮೇಲೆ ನವೆಂಬರ್ ಇಲ್ಲ. ಮುಂದಿನ ವರ್ಷದ ಮೇ ಇದೆ.

ಅತ್ತೆ ಎದ್ದು ಕಂಪ್ಯೂಟರ್ ಆಫ್ ಮಾಡಿದರು. ಅವರು ಮನೆಯಲ್ಲಿರುವಾಗ ಆ ಪರದೆ ಕಪ್ಪಗಿರುವುದನ್ನು ಇವತ್ತೇ ಮೊದಲು ನೋಡಿದ್ದು.

ಮಾರ್ಚ್ 16, ಭಾನುವಾರ

ಟೆರೇಸಿನಲ್ಲಿ ಬಟ್ಟೆ ಒಣಗಿಸುವಾಗ ಇವನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ — ಒಂದು ಗೇಮ್‌ಗೆ ಇಷ್ಟು ಮುಖ ಊದಿಸೋದಾ ಅಂತ.

ಇವನು ಕ್ಲಿಪ್ಪು ಹಿಡಿದುಕೊಂಡು ನಿಂತ. "ಅಮ್ಮ ಟೀ ಯಾಕೆ ಅರ್ಧ ಲೋಟ ಕೊಡ್ತಾಳೆ ಹೇಳು?"

"ಶಿಸ್ತು?"

"ತುಂಬ ಹಾಕಿದ್ರೆ ಚೆಲ್ಲುತ್ತೆ. ಕೈ ನಡುಗುತ್ತೆ ಕಣೇ."

ಎರಡು ವರ್ಷದ ಹಿಂದೆಯೇ ಡಾಕ್ಟರ್ ಹೇಳಿದ್ದರಂತೆ. ಔಷಧಿ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಅವತ್ತು ಸಂಜೆ ಮನೆಗೆ ಬಂದವರೇ ದೊಡ್ಡ ಹಡಗಿನ ಮೊದಲ ಪಾಠವನ್ನು ಕ್ಯೂಗೆ ಹಾಕಿದರಂತೆ. ಕೈ ಹೋಗುವುದು ಮೊದಲೋ, ಹಡಗು ಬರುವುದು ಮೊದಲೋ. ಹಡಗೇ ಮೊದಲು ಬರುವ ಹಾಗೆ ಒಂದೊಂದು ಗುಣವನ್ನೂ ಹೊಂದಿಸಿಟ್ಟಿದ್ದರು. ನಾನು ಹೋಗಿ ಚಾರ್ಮ್ ಸುರಿದು ಬಂದೆ.

"ನಂಗ್ಯಾಕೋ ಹೇಳ್ಲಿಲ್ಲ?"

"ಹೊಸ ಸೊಸೆ ಮುಂದೆ ಪೇಷಂಟ್ ಆಗಲ್ಲ ಅಂದ್ಲು."

ಬಟ್ಟೆ ಎಲ್ಲ ಉಲ್ಟಾ ಒಣಗಿಸಿದ್ದೇನೆ.

ಮಾರ್ಚ್ 23, ಭಾನುವಾರ

ಒಂದು ವಾರ ಬರೆಯಲು ಮನಸ್ಸಾಗಲಿಲ್ಲ. ಬರೆಯುವ ಬದಲು ಓದಿದೆ. ಈ ಆಟದ ಬಗ್ಗೆ ಸಿಕ್ಕಿದ್ದೆಲ್ಲ. ಎಕ್ಸಾಮಿಗೂ ಹೀಗೆ ಓದಿದವಳಲ್ಲ. ಚಾರ್ಮ್ ಇರುವವರು ಬೇಗ ಕಲಿಯುವುದು ಫ್ಲೀಟ್, ಅಂದರೆ ಹಡಗುಗಳ ದಂಡು, ನಡೆಸುವ ಪಾಠಗಳನ್ನು. ಕಮಾಂಡರ್! ಕೈ ಬೇಡ, ಬಾಯಿ ಸಾಕು. ಇಡೀ ಹೊಸ ಪ್ಲಾನ್ ಮಾಡಿಕೊಂಡು ಅತ್ತೆಯ ಮುಂದೆ ನಿಂತೆ. ಮೊದಲು ಸಾರಿ, ಆಮೇಲೆ ಪ್ಲಾನ್, ಮಧ್ಯೆ ಅಳು.

ಪೂರ್ತಿ ಕೇಳಿದರು.

"ಚೆನ್ನಾಗಿ ಓದಿದೀಯ. ಆದ್ರೆ ಬೇಡ. ಮೂವತ್ತು ವರ್ಷ ಆಯಾಗಳ ಮೇಲೆ, ಡಾಕ್ಟರ್‌ಗಳ ಮೇಲೆ ಕೂಗಾಡಿ ಸಾಕಾಗಿದೆ. ಇನ್ನು ಯಾರಿಗೂ ಆರ್ಡರ್ ಮಾಡಲ್ಲ. ಪೆಟ್ಟು ಬಿದ್ದೋರನ್ನ ನೋಡ್ಕೋಬೇಕು. ನಂಗೆ ಬೇಕಾಗಿರೋದು ಅಷ್ಟೇ."

"ನನ್ನ ಮೇಲೆ ಕೋಪ ಇದೆಯಾ ಅತ್ತೆ?"

"ಇತ್ತು. ಮೂಗು ಒರೆಸ್ಕೋ."

ಮಾರ್ಚ್ 29, ಶನಿವಾರ

ಶನಿವಾರ ನಾಲ್ಕಕ್ಕೆ ಅವರ ಗುಂಪಿನ ಯುದ್ಧ. ನಾಯಕನನ್ನು ಎಲ್ಲರೂ ಲಾರಿಯಣ್ಣ ಅನ್ನುತ್ತಾರೆ, ನಿಜವಾಗಿಯೂ ಲಾರಿ ಓಡಿಸುವವನು. ಬೇಳೆ ಆರಿಸುವ ನೆಪದಲ್ಲಿ ಅತ್ತೆಯ ಹಿಂದೆಯೇ ಕೂತಿದ್ದೆ. ಇಷ್ಟು ದಿನ ಪರದೆ ನೋಡುತ್ತಿದ್ದೆ. ಇವತ್ತು ಕೈ ನೋಡಿದೆ.

ಪೆಟ್ಟು ತಿಂದ ಹಡಗುಗಳ ಹೆಸರು ಒಂದರ ಮೇಲೊಂದು ಮಿನುಗುತ್ತವೆ. ಸರಿಯಾದದ್ದನ್ನು ತಕ್ಷಣ ಒತ್ತಬೇಕು. ಅತ್ತೆಯ ಕಣ್ಣು ಆಗಲೇ ಅಲ್ಲಿದೆ, ಬಾಯಿ ಹೆಸರು ಹೇಳುತ್ತಿದೆ. ಮೌಸಿನ ಬಾಣ ಮಾತ್ರ ಆ ಹೆಸರಿನ ಸುತ್ತ ನಡುಗುತ್ತಿದೆ. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಅದುಮಿ ಹಿಡಿದರು. ಆದರೂ ಬೆರಳು ಪಕ್ಕದ ಹೆಸರನ್ನು ಒತ್ತಿತು. ಲಾರಿಯಣ್ಣನ ಹಡಗು ಸಿಡಿಯಿತು.

"ಪರವಾಗಿಲ್ಲ ಸಿಸ್ಟರ್. ಹಳೇ ಗಾಡಿ, ಬಿಡಿ."

ಬೈದಿದ್ದರೆ ಚೆನ್ನಾಗಿತ್ತು. ಅತ್ತೆ ಹೆಡ್‌ಫೋನ್ ತೆಗೆದಿಟ್ಟರು. "ಇನ್ಮೇಲೆ ಬರಲ್ಲ ಅಂತ ಹೇಳಿಬಿಡ್ತೀನಿ ಅವರಿಗೆ. ನನ್ನ ನಂಬ್ಕೊಂಡು ಮುಂದೆ ಹೋಗ್ತಾರೆ ಹುಡುಗ್ರು."

ಯೋಚಿಸದೆ ಬಾಯಿಗೆ ಬಂತು. "ನೀವು ಹೇಳಿ ಅತ್ತೆ. ನಾನು ಒತ್ತೀನಿ."

ಕನ್ನಡಕದ ಮೇಲಿಂದ ನೋಡಿದರು. "ನೀನು? ಓದದೇ ಓಕೆ ಒತ್ತೋಳು?"

"ಅದಕ್ಕೇ ಬೇಗ ಒತ್ತೀನಿ!"

ನಕ್ಕರು! ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಭುಜ ಕುಣಿಸಿಕೊಂಡು. ಅತ್ತೆಗೆ ಚಾರ್ಮ್ ಇದ್ದೇ ಇತ್ತು, ನಾನು ಸುರಿಯಬೇಕಾಗಿರಲಿಲ್ಲ.

ಏಪ್ರಿಲ್ 6, ಭಾನುವಾರ

ನಾನು ದಂಡಪಿಂಡ.

ದಿನಾ ಅಂಗಡಿಯಿಂದ ಬಂದು ಬ್ಯಾಗು ಇಟ್ಟ ಕೂಡಲೇ ಪ್ರಾಕ್ಟೀಸ್. ಅತ್ತೆ ಹೆಸರು ಹೇಳುತ್ತಾರೆ, ನಾನು ಒತ್ತಬೇಕು. ಕಣ್ಣಿಗೆ ಕಾಣುತ್ತದೆ, ತಲೆಗೂ ಗೊತ್ತಾಗುತ್ತದೆ, ಬಲಗೈ ಮಾತ್ರ ಊರಿಗೆಲ್ಲ ಹೇಳಿಕೊಂಡು ನಿಧಾನಕ್ಕೆ ಹೊರಡುತ್ತದೆ. ನನ್ನ ಕೆಂಪು ಕೂದಲಿನ ಪೈಲಟ್ ಮಲಗಿಕೊಂಡೇ ಎಂಜಿನ್ ಕಲಿತಳು, ಕವಚ ಕಲಿತಳು. ನನ್ನ ಕೈಗೆ ಯಾವ ಕ್ಯೂನೂ ಇಲ್ಲ.

"ಇಂಜೆಕ್ಷನ್ ಕೊಡೋಕೆ ನಾನೂ ದಿಂಬಿಗೆ ಚುಚ್ಚಿ ಚುಚ್ಚಿ ಕಲ್ತಿದ್ದು," ಅಂದರು. "ಒತ್ತು. ಮತ್ತೆ. ಮತ್ತೆ."

ಗಂಡನಿಗೆ ಹೊಟ್ಟೆಕಿಚ್ಚು. "ಮದುವೆ ಆಗಿದ್ದು ನನ್ನನ್ನೋ, ನಮ್ಮಮ್ಮನ್ನೋ?" ಅನ್ನ ಅವನೇ ಮಾಡಿದ. ತಳ ಹಿಡಿದಿತ್ತು, ಅದ್ಭುತ ಅಂತ ಹೇಳಿದೆ.

ಏಪ್ರಿಲ್ 19, ಶನಿವಾರ

ಇವತ್ತು ನಿಜವಾದ ಯುದ್ಧ. ಅಂಗೈ ಬೆವರಿ ಮೌಸ್ ಜಾರುತ್ತಿತ್ತು. ಹನ್ನೆರಡು ಹಡಗು ಹೋದವು, ಹತ್ತು ವಾಪಸ್ ಬಂದವು. ಆ ಎರಡೂ ನನ್ನ ಕೈ ತಡವಾದದ್ದಕ್ಕೆ ಹೋದದ್ದು.

"ಸಿಸ್ಟರ್, ಪಕ್ಕದಲ್ಲಿ ಯಾರೋ ಅಯ್ಯಯ್ಯೋ ಅಂತಿದಾರಲ್ಲ?" ಲಾರಿಯಣ್ಣ ಕೇಳಿದ.

"ನನ್ನ ಸೊಸೆ. ಟ್ರೈನಿ."

ಟ್ರೈನಿ!! ಅಡುಗೆಮನೆಗೆ ಓಡಿ ಒಬ್ಬಳೇ ಕುಣಿದು ಬಂದೆ.

ಆಮೇಲೆ ಅತ್ತೆ ತುಂಬ ಹೊತ್ತು ನನ್ನ ಕೈ ನೋಡುತ್ತಿದ್ದರು. "ತಲೆ ಸರಿಯಾಗಿದೆ. ಕೈ ಲೇಟು," ಅಂದರು. ಮೇಜಿನ ಮೇಲೆ ಮೌಸ್ ಬಲಗಡೆಯೇ ಇತ್ತು, ಸರಿಸಲು ಹೋಗಲಿಲ್ಲ. ಒಂದು ಸಲ ಮುಟ್ಟಬಾರದ್ದನ್ನು ಮುಟ್ಟಿ ಆಗಿದೆ.

ಮೇ 2, ಶುಕ್ರವಾರ

ದೊಡ್ಡ ಹಡಗಿನ ಹಿಂದೆ ಕ್ಯೂನಲ್ಲಿ ಇನ್ನೊಂದು ಜಾಗ ಖಾಲಿ ಇತ್ತು. ಅತ್ತೆ ಬೆರಳು ತೋರಿಸಿದರು, ನಾನು ಒತ್ತಿದೆ. ಈ ಸಲ ಬಾಕ್ಸ್ ಪೂರ್ತಿ ಓದಿದೆ, ಗಟ್ಟಿಯಾಗಿ. ಅದಕ್ಕಿಂತಲೂ ದೊಡ್ಡದೊಂದು ಹಡಗು, ಇದಕ್ಕೆ ಹಿಂದಿನ ಪಾಠ ಮುಗಿಯಲೇಬೇಕೆಂದಿಲ್ಲ. ಬಾಹ್ಯಾಕಾಶದ ಆಸ್ಪತ್ರೆಯಂತೆ. ಕಲಿತು ಮುಗಿಯಲು ಮೂರು ವರ್ಷ.

"ಅಷ್ಟು ದೂರದ್ದಾ ಅತ್ತೆ?" ಅಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅವರು ತಿರುಗಿ ನೋಡಿದರು. "ನಿನ್ನ ಕೈಗೆ ವಯಸ್ಸೆಷ್ಟು?"

"ಇಪ್ಪತ್ತಾರು."

"ಹಂಗಾದ್ರೆ ಸಾಕು. ಹಾಕು."

ಮೇ 3, ಶನಿವಾರ, ನಾಲ್ಕಕ್ಕೆ ಸ್ವಲ್ಪ ಮುಂಚೆ

ಬೇಗ ಬೇಗ ಬರೆಯುತ್ತೇನೆ. ಟೀ ಈಗ ನಾನೇ ಮಾಡುವುದು. ಇಬ್ಬರಿಗೂ ಅರ್ಧರ್ಧ ಲೋಟ. ತೆಗೆದುಕೊಂಡು ಹಾಲ್‌ಗೆ ಹೋದೆ, ಬಾಗಿಲಲ್ಲೇ ನಿಂತುಬಿಟ್ಟೆ.

ಮೌಸ್ ಎಡಗಡೆ ಇದೆ.

ಸುಮ್ಮನೆ ಸರಿಸಿಟ್ಟದ್ದಲ್ಲ. ವೈರನ್ನು ಪರದೆಯ ಹಿಂದಿನಿಂದ ಸುತ್ತಿ ತಂದು, ಮೇಜಿನ ಅಂಚಿಗೆ ಬ್ಯಾಂಡೇಜಿನ ಬಿಳಿ ಟೇಪ್ ಅಂಟಿಸಿದ್ದಾರೆ. ಟೇಪ್ ಅಂಕುಡೊಂಕು, ಮೂರು ನಾಲ್ಕು ಕಡೆ ಕಿತ್ತು ಮತ್ತೆ ಅಂಟಿಸಿದ ಗುರುತು. ಎಷ್ಟು ಹೊತ್ತು ಹಿಡಿಯಿತೋ ಆ ಕೈಗೆ. ಬಲಗಡೆ ಜಾಗ ಪೂರ್ತಿ ಖಾಲಿ. ಅತ್ತೆ ತಮ್ಮ ಕುರ್ಚಿಯನ್ನು ಆ ಕಡೆಗೆ ಎಳೆದುಕೊಂಡು ಕೂತು, ಏನೂ ಆಗಿಯೇ ಇಲ್ಲದವರ ಹಾಗೆ ಕಿಟಕಿಯಾಚೆ ನೋಡುತ್ತಿದ್ದರು.

ಲೋಟ ಇಟ್ಟು ರೂಮಿಗೆ ಓಡಿ ಬಂದೆ, ಇದನ್ನು ಇಲ್ಲಾದರೂ ಹೇಳದಿದ್ದರೆ ಸಿಡಿದುಹೋಗುತ್ತಿದ್ದೆ. ಕಣ್ಣು ಒರೆಸಿಕೊಂಡು, ಮುಖ ತೊಳೆದು, ಆಮೇಲೆ —

ಕೂಗುತ್ತಿದ್ದಾರೆ. "ಏಯ್ ಎಡಚೀ! ಎಲ್ಲಿ ಹೋದ್ಯೇ? ಲಾರಿಯಣ್ಣ ಆಗ್ಲೇ ಸಾಯ್ತಾ ಇದಾನೆ!"

ಎಡಚಿ ಅಂದರು. ಇವನಲ್ಲ, ಅತ್ತೆ! ಬಂದೆ, ಬಂದೆ ಅತ್ತೆ, ಈ ಒಂದು ಸಾಲು —